ಕ್ಯಾಂಪಿನ ಹೂವೂ ಉಳಿದ ಸಸಿಯೂ

ಮದುವೆಯಾಗಿ ಬೆಳಗಾವಿಗೆ ಬರುವಾಗ ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಒಂದು ಅಳತೆ ಟೇಪು ಇತ್ತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವಾಗ ಕೊಂಡದ್ದು. ಅತ್ತೆಯವರು ಅದನ್ನು ಕಂಡು, "ಇದ್ಯಾಕವಾ, ನನ್ನ ಮಗನ್ನ ಅಳ್ಯಾಕ ತಂದೀಯೇನು?" ಎಂದು ನಕ್ಕಿದ್ದರು. ನಾನು ನಗಲಿಲ್ಲ. ಆ ವಯಸ್ಸಿನಲ್ಲಿ ನನಗೆ ನಗುವುದಕ್ಕಿಂತ ಸರಿಯಾಗಿರುವುದು ಮುಖ್ಯವಾಗಿತ್ತು. ಮೊದಲೇ ಹೇಳಿಬಿಡುತ್ತೇನೆ, ಈಗ ಬರೆಯಹೊರಟ ಸಂಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೂಗಾಡಿದವಳು ನಾನು, ಹೆಚ್ಚು ತಪ್ಪಿದವಳೂ ನಾನೇ. ಆದರೂ ಆ ಚಳಿಗಾಲವನ್ನು ನೆನೆದರೆ ಇವತ್ತಿಗೂ ಸಂತೋಷವೇ ಆಗುತ್ತದೆ.

ಅದು ಎಪ್ಪತ್ತರ ದಶಕದ ಕೊನೆ. ನನ್ನ ಗಂಡ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದರು. ಮಾವನವರು ಶಾಲೆಯ ಮಾಸ್ತರಿಕೆಯಿಂದ ನಿವೃತ್ತರಾಗಿ, ಮನೆಯ ಹಿಂದಿನ ಕೋಣೆಯಲ್ಲಿ ಗಾಯದ ಮುಲಾಮು ಮಾಡುತ್ತಿದ್ದರು. ಮಾರುವುದಕ್ಕಲ್ಲ, ಕೊಡುವುದಕ್ಕೆ. ಫೌಂಡ್ರಿಯಲ್ಲಿ ಕಾದ ಕಬ್ಬಿಣ ಸಿಡಿದು ಕೈಗೆ, ಪಾದಕ್ಕೆ ಸುಟ್ಟ ಗುಳ್ಳೆ ಎದ್ದವರು ಸಂಜೆ ಪಾಳಿ ಮುಗಿಸಿ ನಮ್ಮ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದರು. ಮಾವನವರು ವಿಭೂತಿ ಹಚ್ಚಿದ ಹಣೆಯನ್ನು ಸುಕ್ಕುಗಟ್ಟಿಸಿ ಗಾಯ ನೋಡಿ, ಹಳೆಯ ತಂಬಾಕಿನ ಡಬ್ಬಿಗಳಲ್ಲಿ ಹಳದಿ ಮುಲಾಮು ತುಂಬಿ ಕೊಡುತ್ತಿದ್ದರು. ಎಳ್ಳೆಣ್ಣೆಯಲ್ಲಿ ಹೂವಿನ ಎಸಳು ನೆನೆಸಿ, ವಾರಗಟ್ಟಲೆ ಬಿಸಿಲಿಗಿಟ್ಟು, ಸೋಸಿ, ಜೇನುಮೇಣ ಕರಗಿಸಿ ಸೇರಿಸಿದರೆ ಮುಲಾಮು. ಮೇಣ ಖಾನಾಪುರದ ಕಾಡಿನಿಂದ ಬರುತ್ತಿತ್ತು. ಎಸಳು ಮಾತ್ರ ಮುಂಬಯಿಯಿಂದ ಪಾರ್ಸೆಲ್ಲಿನಲ್ಲಿ ಬರಬೇಕು. ಬಂದದ್ದು ಎಷ್ಟು ವರ್ಷದ ಹಳೆಯದೋ, ಬಣ್ಣ ಹೋಗಿ ಹೊಟ್ಟಿನಂತಿರುತ್ತಿತ್ತು.

ಒಂದು ಚಳಿಗಾಲದ ಬೆಳಿಗ್ಗೆ ಕ್ಯಾಂಪಿನ ರಸ್ತೆಯಲ್ಲಿ ಹೋಗುತ್ತಿದ್ದೆ. ಕ್ಯಾಂಪು ಎಂದರೆ ನಮ್ಮೂರಿನ ದಂಡಿನ ಪ್ರದೇಶ. ದೊಡ್ಡ ಕಂಪೌಂಡಿನ ಹಳೆಯ ಬಂಗಲೆಗಳು, ಮುಂದೆ ತೋಟ. ಒಂದು ಬಂಗಲೆಯ ಬೇಲಿಯಾಚೆ ಕಿತ್ತಳೆ ಬಣ್ಣದ ಹೂಗಳು ತುಂಬಿದ್ದವು. ನೋಡಿದವರು ಚೆಂಡು ಹೂವೆನ್ನಬೇಕು, ಆದರೆ ಎಲೆ ಬೇರೆ, ವಾಸನೆ ಬೇರೆ. ನನಗೆ ಗುರುತು ಸಿಕ್ಕಿತು. ಕ್ಯಾಲೆಂಡುಲಾ! ಮಾವನವರು ಮುಂಬಯಿಯಿಂದ ತರಿಸುವ ಹೂವು ನಮ್ಮ ಮನೆಯಿಂದ ಅರ್ಧ ತಾಸಿನ ನಡಿಗೆಯಲ್ಲಿ ಯಾರಿಗೂ ಬೇಡವಾಗಿ ಅರಳಿ ನಿಂತಿತ್ತು. ತೋಟದ ಮಾಲಿಯನ್ನು ಮಾತಾಡಿಸಿದೆ. ಎರಡು ಜಾತಿ ತೋರಿಸಿದ. ಮುಂದಿನ ಪಾತಿಯಲ್ಲಿ ಒತ್ತೊತ್ತಾಗಿ ಎಸಳು ತುಂಬಿದ ದೊಡ್ಡ ಹೂವು, ಪ್ರತಿ ವರ್ಷ ಹೊಸ ಬೀಜ ತರಿಸಿ ಬೆಳೆಸುವುದು. ಬೇಲಿಯ ಬುಡದಲ್ಲಿ ಒಂದೇ ಸುತ್ತು ಎಸಳಿನ ಸಣ್ಣ ಹೂವು, ತಾನೇ ಬೀಜ ಉದುರಿಸಿಕೊಂಡು ತಾನೇ ಹುಟ್ಟುವುದು. ಎರಡರ ಬೀಜವನ್ನೂ ಕೊಟ್ಟ. ದೊಡ್ಡದನ್ನು ಕಂಡು ನನ್ನ ಮನಸ್ಸು ಅಲ್ಲೇ ಸೋತಿತ್ತು. ಸಣ್ಣದನ್ನು ಇರಲಿ ಎಂದು ತೆಗೆದುಕೊಂಡೆ.

ಬೀಜವೇನೋ ಸಿಕ್ಕಿತು, ನೆಲ? ನಮ್ಮದೊಂದು ಎಕರೆ ಗದ್ದೆ ಖಾನಾಪುರ ತಾಲೂಕಿನ ಗುಂಜಿಯಲ್ಲಿತ್ತು. ರೈಲು ನಿಲ್ದಾಣದಿಂದ ಹತ್ತು ನಿಮಿಷ, ಗದ್ದೆ ಮುಗಿದಲ್ಲಿ ಕಾಡು ಶುರು. ಮಳೆಗಾಲದಲ್ಲಿ ಭತ್ತ, ಆಮೇಲೆ ಮುಂದಿನ ಮಳೆಯವರೆಗೆ ಬಯಲು. ಆ ನೆಲದ ಜೇಡಿಮಣ್ಣಿನ ಮೇಲೆ ಒಬ್ಬ ಇಟ್ಟಿಗೆ ಭಟ್ಟಿಯವನ ಕಣ್ಣು ಬಿದ್ದಿತ್ತು. ಮೇಲಿನ ಮಣ್ಣನ್ನು ಆಳೆತ್ತರ ಕಡಿದು ಒಯ್ಯುತ್ತೇನೆ, ಕೊಡಿ ಎಂದು ವರ್ಷದಿಂದ ಹಿಂದೆ ಬಿದ್ದಿದ್ದ. ಬಾಜುವಿನ ಗದ್ದೆಯವರು ಕೊಟ್ಟಾಗಿತ್ತು, ಅಲ್ಲೊಂದು ಹೊಂಡ ನೀರು ತುಂಬಿಕೊಂಡು ಕೂತಿತ್ತು. ವರ್ಷದ ಎಂಟು ತಿಂಗಳು ಖಾಲಿ ಬಿದ್ದಿರುವ ನೆಲವೆಂದು ಮಾವನವರಿಗೂ ಅರ್ಧ ಮನಸ್ಸಾಗಿತ್ತು. ಮುಂದಿನ ಮಳೆಗಾಲ ಮುಗಿಯುವಾಗ ನಾನು ಹೂವಿನ ಮಾತೆತ್ತಿದರೆ ಮುಲಾಮಿನ ಕಡಾಯಿಯಿಂದ ತಲೆ ಎತ್ತದೆ ಹೇಳಿದರು.

"ನೋಡವಾ, ಮುಲಾಮಿಗೆ ವರ್ಷಕ್ಕ ನಾಲ್ಕು ಡಬ್ಬಿ ಒಣಾ ಎಸಳು ಬೇಕು. ನಾಲ್ಕು ಗುಂಟೆ ಕೊಡತೇನಿ. ಶಿವರಾತ್ರಿ ದಾಟಿ ಹದಿನೈದು ದಿನದಾಗ ನಾಲ್ಕೂ ತುಂಬಿದ್ರ ಹೊಲಾ ಉಳೀತು. ಇಲ್ಲಂದ್ರ ಇಟ್ಟಂಗಿಯಾಂವಗ ಹೂಂ ಅಂತೇನಿ."

ಡಬ್ಬಿ ಎಂದರೆ ಅಡುಗೆಯೆಣ್ಣೆ ಬರುವ ದೊಡ್ಡ ತಗಡಿನ ಡಬ್ಬಿ, ಅದರಲ್ಲಿ ಎಸಳನ್ನು ಅಂಗೈಯಿಂದ ಅದುಮಿ ತುಂಬಬೇಕು. ನಾನು ಕೂಡಲೇ ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಟೇಪು ತೆಗೆದು ಒಂದು ಖಾಲಿ ಡಬ್ಬಿಯನ್ನು ಅಳೆದು ನೋಡಿದೆ.

ನಮ್ಮ ಗದ್ದೆಯ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಗುಂಜಿಯ ಒಬ್ಬ ಹಿರಿಯ ಹೆಂಗಸು. ಮನೆಯಲ್ಲಿ ಮರಾಠಿ, ನಮ್ಮೊಡನೆ ಕನ್ನಡ, ಎತ್ತುಗಳೊಡನೆ ಎರಡೂ. ನಾವೆಲ್ಲ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಅವರ ಜೊತೆ ಆರು ಜನ ಹೆಂಗಸರು ಭತ್ತದ ಸಸಿ ಹಚ್ಚುತ್ತಿದ್ದರು. ಹಿಂದೆ ಹಿಂದೆ ಸರಿಯುತ್ತ, ಕಣ್ಣೆತ್ತದೆ, ಗೇಣಿಗೊಂದರಂತೆ. ಗದ್ದೆ ಹೊಂಡವಾದರೆ ಇವರಿಗೆ ಉಳಿಯುವ ಕೆಲಸ ಭಟ್ಟಿಯಲ್ಲಿ ಇಟ್ಟಿಗೆ ಹೊರುವುದು. ಮಾವಶಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಅವರು ಒಮ್ಮೆಯೂ ಬಾಯಿ ಬಿಟ್ಟು ಹೇಳಲಿಲ್ಲ.

ಭತ್ತ ಕೊಯ್ದ ಮೇಲೆ ಮಣ್ಣು ಹದ ಮಾಡಿಸಿ, ಒಂದೊಂದು ಗುಂಟೆಯ ನಾಲ್ಕು ಮಡಿ ಮಾಡಿಸಿದೆ. ನನ್ನ ಲೆಕ್ಕ ಸರಳವಾಗಿತ್ತು. ದೊಡ್ಡ ಹೂವಿನ ಜಾತಿ ಒಂದು ಮಡಿಯಲ್ಲಿ ಗೇಣಿಗೊಂದು, ಇನ್ನೊಂದರಲ್ಲಿ ಎರಡು ಗೇಣಿಗೊಂದು. ಸಣ್ಣ ಹೂವಿನದೂ ಹಾಗೆಯೇ. ಯಾವ ಜಾತಿ, ಎಷ್ಟು ಅಂತರ ಎಂದು ಆ ಚಳಿಗಾಲದಲ್ಲೇ ಇತ್ಯರ್ಥವಾಗಬೇಕು. ದೊಡ್ಡ ಜಾತಿ, ಎರಡು ಗೇಣು ಗೆಲ್ಲುತ್ತದೆ ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟಾಗಿತ್ತು. ಗಿಡಕ್ಕೆ ಜಾಗ ಬಿಟ್ಟರೆ ಅದು ಹರವಿಕೊಂಡು ಬೆಳೆಯುತ್ತದೆ ಎಂದು ಕ್ಯಾಂಪಿನ ಮಾಲಿಯೂ ಹೇಳಿದ್ದ. ಟೇಪಿನಿಂದ ಅಳೆದು ಹಗ್ಗಕ್ಕೆ ಗಂಟು ಹಾಕಿದೆ. ಗಂಟಿಗೊಂದು ಸಸಿ, ಆಚೀಚೆ ಆಗಕೂಡದು.

ಹೆಂಗಸರು ಹಗ್ಗ ನೋಡಿ ಮುಸಿ ಮುಸಿ ನಕ್ಕರು. ಮಾವಶಿ ತಮ್ಮ ಅಂಗೈ ಚಾಚಿ ತೋರಿಸಿ, "ನಮ್ಮ ಗೇಣು ಹುಟ್ಟಿದಾಗಿಂದ ನಮ್ಮ ಜೋಡೀನ ಐತ್ರಿ ಅಕ್ಕಾರ. ಹಗ್ಗಾ ಮರತು ಬಂದ್ರೂ ನಡೀತೈತಿ," ಎಂದರು. ನಾನು ಹಗ್ಗವನ್ನೇ ಎಳೆದು ಕಟ್ಟಿದೆ. ಮೂರು ದಿನ ಬೆಳಗಿನ ಗಾಡಿಗೆ ಬೆಳಗಾವಿಯಿಂದ ಹೋಗಿ, ನಾಲ್ಕು ಗಂಟೆಯ ಗಾಡಿಗೆ ವಾಪಸು ಬಂದೆ. ಮೂರನೆಯ ದಿನ ನಾಲ್ಕಕ್ಕೆ ಕೊನೆಯ ಮಡಿಯಲ್ಲಿ ಇನ್ನೇನು ಒಂದೆರಡು ಸಾಲು ಉಳಿದಿತ್ತು. ಎಂಜಿನ್ನಿನ ಕೂಗು ಕೇಳಿ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ಬೀಜ ಹುಟ್ಟುತ್ತವೋ ಇಲ್ಲವೋ ಎಂಬ ಅಂಜಿಕೆಯಲ್ಲಿ ಸಸಿ ಮಾಡುವಾಗ ಸಣ್ಣ ಜಾತಿಯದನ್ನು ಬೇಕಾದದ್ದಕ್ಕಿಂತ ಜಾಸ್ತಿ ಬಿತ್ತಿದ್ದೆ. ಅವೆಲ್ಲ ಹುಟ್ಟಿದ್ದವು. ಬದುವಿನ ಮೇಲೆ ಎರಡು ಬುಟ್ಟಿ ಸಸಿ ಉಳಿದಿದ್ದನ್ನು ನೋಡಿದ್ದೆ, ಆದರೆ ಅದರ ಬಗ್ಗೆ ಒಂದು ಮಾತೂ ಹೇಳದೆ ಹೋಗಿದ್ದೆ.

ವಾರ ಬಿಟ್ಟು ಹೋದೆ. ಮೂರು ಮಡಿ ನಾನು ಬಿಟ್ಟಂತೆಯೇ ಇದ್ದವು. ನಾಲ್ಕನೆಯದು, ನಾನು ಎಲ್ಲಕ್ಕಿಂತ ಆಸೆಯಿಟ್ಟಿದ್ದ ದೊಡ್ಡ ಜಾತಿಯ ಎರಡು ಗೇಣಿನ ಮಡಿ, ಪೂರ್ತಿ ತುಂಬಿ ನಿಂತಿತ್ತು. ಪ್ರತಿ ನಾಲ್ಕು ದೊಡ್ಡ ಸಸಿಗಳ ನಡುವೆ ಒಂದೊಂದು ಸಣ್ಣ ಜಾತಿಯ ಸಸಿ. ನನ್ನ ತಲೆ ಕೆಟ್ಟುಹೋಯಿತು.

"ಯಾರು ಹೇಳಿದ್ರು ನಿಮಗ ಇಲ್ಲಿ ಹಚ್ಚರಿ ಅಂತ? ಎರಡು ಗೇಣು ಬಿಡ್ರಿ ಅಂತ ನಾ ಬಡಕೊಂಡಿರಲಿಲ್ಲೇನು?"

ಹೆಂಗಸರೆಲ್ಲ ಕುಡುಗೋಲು ಕೆಳಗಿಟ್ಟು ಎದ್ದು ನಿಂತರು. ಮಾವಶಿ ಮಾತ್ರ ನಿಂತಲ್ಲಿಂದ ಅಲುಗಲಿಲ್ಲ. "ಉಳದ ಸಸೀ ಹೊಳ್ಳಿ ಮನಿಗಿ ಒಯ್ಯೂ ಪದ್ಧತಿ ನಮ್ಮಲ್ಲಿ ಇಲ್ರಿ. ಬದುವಿನ ಮ್ಯಾಲೂ ಚೆಲ್ಲಂಗಿಲ್ಲ. ಭತ್ತದಾಗೂ ಹಂಗ. ಎಲ್ಲಿ ರಿಕಾಮಿ, ಖಾಲಿ ಕಾಣತೈತಿ ಅಲ್ಲಿ ಹಚ್ಚಿ, ಕೈ ತೊಳಕೊಂಡು ಮನಿಗಿ ಹೋಗೂದು."

"ರಿಕಾಮಿ ಇರಲಿ ಅಂತನ ನಾ ಬಿಟ್ಟಿದ್ದು! ಎಲ್ಲಾ ಕೀಳ್ರಿ!"

"ಬೇರು ಹಿಡದಾವ್ರಿ. ಹಿಡದ ಬೇರು ಕೀಳಾಕ ನನ್ನ ಕೈ ಬರಂಗಿಲ್ಲ. ಬೇಕಾದ್ರ ನೀವ ಕೀಳ್ರಿ," ಎಂದು ಮಾವಶಿ ಬಾವಿಯ ಕಡೆ ನಡೆದುಬಿಟ್ಟರು.

ನಾನು ಸೀರೆ ಮೇಲೆ ಕಟ್ಟಿ ಕೀಳಲು ಇಳಿದೆ. ಜೇಡಿಮಣ್ಣು ಬಿಡಬೇಕಲ್ಲ. ಒಂದನ್ನು ಎಳೆದರೆ ದೊಡ್ಡ ಹೆಂಟೆಯೇ ಮೇಲೆದ್ದು, ಪಕ್ಕದ ಗಿಡದ ಬೇರೂ ಜೊತೆಗೆ ಬರುತ್ತಿತ್ತು. ಏಳೆಂಟು ಕಿತ್ತು, ಅಷ್ಟೇ ದೊಡ್ಡ ಗಿಡಗಳನ್ನೂ ಹಾಳು ಮಾಡಿ, ಕೆಸರಿನ ಕೈಯಲ್ಲೇ ಬದುವಿನ ಮೇಲೆ ಕೂತು ಅತ್ತುಬಿಟ್ಟೆ. ಎಲ್ಲರೆದುರು ಅತ್ತದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಒಬ್ಬ ಹೆಂಗಸು ಚಹಾ ತಂದುಕೊಟ್ಟಳು. ಕುಡಿದು ನಿಲ್ದಾಣಕ್ಕೆ ನಡೆದೆ. ಗಾಡಿಯಲ್ಲಿ ಬರುವಾಗ ನೋಟ್‌ಬುಕ್ಕಿನಲ್ಲಿ ಆ ಮಡಿಯ ಹೆಸರಿನ ಮೇಲೆ ಅಡ್ಡಗೆರೆ ಎಳೆದೆ. ಇನ್ನು ಅದರಿಂದ ಹೂವಿನ ಆಸೆಯಿಲ್ಲ, ಅಂದರೆ ನಾಲ್ಕು ಡಬ್ಬಿಯನ್ನು ಮೂರೇ ಮಡಿಗಳು ತುಂಬಬೇಕು. ಹೊಲ ಹೋಯಿತು ಎಂದೇ ನನಗೆ ಅನ್ನಿಸಿತು.

ಸಂಕ್ರಾಂತಿಯ ಹೊತ್ತಿಗೆ ಹೂ ಬಿಡತೊಡಗಿತು. ಕೊಯ್ದಷ್ಟೂ ಹೊಸ ಮೊಗ್ಗು ಬರುವ ಗಿಡ ಅದು, ನಾಲ್ಕು ದಿನಕ್ಕೊಮ್ಮೆ ಕೊಯ್ಯಬೇಕು. ಹೆಂಗಸರು ಅದಕ್ಕೆ ಕ್ಯಾಂಪಿನ ಹೂವೆಂದೇ ಹೆಸರಿಟ್ಟರು. ಕೊಯ್ದವರ ಬೆರಳಿಗೆ ಒಂದು ಬಗೆಯ ಜಿಗುಟು ಅಂಟುತ್ತಿತ್ತು, ಎಣ್ಣೆ ಹಚ್ಚಿ ಉಜ್ಜಿದರೆ ಮಾತ್ರ ಹೋಗುವಂಥದ್ದು. ಬುಟ್ಟಿಗಳನ್ನು ಗಾಡಿಯಲ್ಲಿ ತಂದು ನಮ್ಮ ಮನೆಯ ಅಟ್ಟದ ಮೇಲೆ ಹಳೆಯ ಧೋತರ ಹಾಸಿ ಹರವುತ್ತಿದ್ದೆ. ಅತ್ತೆಯವರು, ಓಣಿಯ ನಾಲ್ಕು ಮಂದಿ ಸೇರಿ ಎಸಳು ಬಿಡಿಸುತ್ತಿದ್ದರು. ಇಡೀ ಮನೆಗೆ ಮನೆಯೇ ಕಿತ್ತಳೆ ಬಣ್ಣವಾಗಿತ್ತು. ಗಂಡನ ಅಂಗಿಯ ಜೇಬಿನಲ್ಲೂ ಎಸಳು ಸಿಕ್ಕುತ್ತಿತ್ತು, ಫೌಂಡ್ರಿಯಲ್ಲಿ ಅವರನ್ನು ಮದುಮಗನೆಂದು ಚುಡಾಯಿಸುತ್ತಿದ್ದರಂತೆ. ಆ ದಿನಗಳಲ್ಲಿ ಚಿಂತೆಯಿದ್ದರೂ ನಾನು ಸುಖವಾಗಿದ್ದೆ ಎಂದೇ ಹೇಳಬೇಕು.

ಒಂದು ಸಂಜೆ ಮಾವನವರು ಎರಡೂ ಜಾತಿಯ ಎಸಳನ್ನು ಎರಡು ಕೈಯಲ್ಲಿ ಹಿಡಿದು ತಿಕ್ಕಿ ನೋಡಿದರು. "ದೊಡ್ಡದರಾಗ ಎಸಳು ಭಾಳ, ಖರೇ. ಆದ್ರ ಜಿಗಟು ಈ ಸಣ್ಣದರಾಗ ಹೆಚ್ಚೈತಿ. ಮುಲಾಮಿಗೆ ಎರಡೂ ಇದ್ರ ಛಲೋ," ಎಂದರು. ಬೇಲಿಯ ಬುಡದ ಹೂವನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲವಲ್ಲ, ಸ್ವಲ್ಪ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಮಡಿಗಳು ಒಂದೊಂದಾಗಿ ತಮ್ಮ ಗುಣ ತೋರಿಸತೊಡಗಿದವು. ಕಾಡಿನಂಚಿನ ಗದ್ದೆ, ಬೆಳಿಗ್ಗೆ ಹತ್ತರವರೆಗೆ ಮಂಜು. ದೊಡ್ಡ ಜಾತಿಯ ಗೇಣಿನ ಮಡಿಯಲ್ಲಿ ಒತ್ತೊತ್ತು ಗಿಡ, ಒತ್ತೊತ್ತು ಎಸಳು, ಇಬ್ಬನಿ ಒಳಗೇ ನಿಂತು ಎಲೆಗಳ ಮೇಲೆ ಬೂದಿರೋಗ ಬಂತು. ನಾಲ್ಕು ಕೊಯ್ಲಿಗೆ ಅದರ ಕಥೆ ಮುಗಿಯಿತು. ಸಣ್ಣ ಜಾತಿಯ ಎರಡು ಗೇಣಿನ ಮಡಿಯಲ್ಲಿ ಬೇರೆ ತೊಂದರೆ. ಭತ್ತದ ಜೇಡಿಮಣ್ಣು ಬಿಸಿಲಿಗೆ ಬೆತ್ತಲೆ ಬಿದ್ದರೆ ಬಿರಿಯುತ್ತದೆ. ಗಿಡಗಳ ನಡುವಿನ ಖಾಲಿ ಜಾಗ ಕೈ ತೂರುವಷ್ಟು ಸೀಳಿ, ಬೇರು ಹರಿದು, ಗಿಡಗಳು ಸೊರಗಿದವು. ಬಾವಿಯ ನೀರೂ ತಳ ಕಂಡಿತ್ತು. ಸಣ್ಣ ಜಾತಿಯ ಗೇಣಿನ ಮಡಿ ಮಾತ್ರ ಸದ್ದಿಲ್ಲದೆ ಬುಟ್ಟಿ ತುಂಬುತ್ತಿತ್ತು.

ಅಡ್ಡಗೆರೆ ಎಳೆದ ನಾಲ್ಕನೆಯ ಮಡಿಯ ಕಡೆ ನಾನು ಹಟಕ್ಕೆ ನೋಡುತ್ತಲೇ ಇರಲಿಲ್ಲ. ಅದರ ಹೂವನ್ನು ಹೆಂಗಸರು ಕೊಯ್ದು ತರುತ್ತಿದ್ದರು, ನಾನು ತೂಗಿ ಸುಮ್ಮನೆ ಬದಿಗಿಡುತ್ತಿದ್ದೆ. ತೂಕ ಏರುತ್ತಲೇ ಇತ್ತು. ಕೊನೆಗೊಂದು ಮಧ್ಯಾಹ್ನ ತಡೆಯಲಾರದೆ ಹೋಗಿ ಗಿಡಗಳ ಕೆಳಗೆ ಕೈ ಹಾಕಿದೆ. ಮಣ್ಣು ತಂಪಾಗಿತ್ತು. ಒಂದು ಬಿರುಕಿಲ್ಲ. ದೊಡ್ಡ ಗಿಡಗಳ ನಡುವೆ ಗಿಡ್ಡ ಗಿಡಗಳು ನೆಲವನ್ನು ಮುಚ್ಚಿ ನೆರಳು ಮಾಡಿದ್ದವು. ದೊಡ್ಡ ಹೂವಿನ ಭಾರಕ್ಕೆ ಬಾಗಿದ ಕೊಂಬೆ ನೆಲಕ್ಕೆ ಬೀಳದೆ ಗಿಡ್ಡದರ ಮೇಲೆ ಒರಗಿತ್ತು. ಮೇಲ್ಗಡೆ ಗಾಳಿಯಾಡಲು ಜಾಗವಿದ್ದುದರಿಂದ ಬೂದಿಯೂ ಇರಲಿಲ್ಲ. ನಾನು ಅಲ್ಲೇ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದೆ. ಮಾವಶಿ ಎರಡು ಸಾಲು ಆಚೆ ಹೂ ಕೊಯ್ಯುತ್ತಿದ್ದರು. ತಲೆ ಎತ್ತಿ ನೋಡಿ ಮತ್ತೆ ಗಿಡಕ್ಕೆ ಬಗ್ಗಿದರು. ತಪ್ಪಾಯಿತೆಂದು ಹೇಳಬೇಕಿತ್ತು, ಹೇಳದೆ ಗಾಡಿಗೆ ಎದ್ದು ಹೋದೆ.

ಶಿವರಾತ್ರಿಯಾಯಿತು. ಮೂರು ಡಬ್ಬಿ ತುಂಬಿ ಮುಚ್ಚಳ ಹಾಕಿಯಾಗಿತ್ತು, ನಾಲ್ಕನೆಯದು ಅರ್ಧಕ್ಕೆ ನಿಂತಿತ್ತು. ಉಳಿದೆಲ್ಲ ಮಡಿಗಳು ಒಣಗಿದ್ದವು. ಆ ಒಂದು ಮಡಿ ಮಾತ್ರ ಇನ್ನೂ ಅರಳುತ್ತಿತ್ತು. ಮಾವನವರು ಹೇಳಿದ ಗಡುವಿನ ಕೊನೆಯ ಎರಡು ಕೊಯ್ಲು ಪೂರ್ತಿ ಅದರದೇ. ಅಟ್ಟದಿಂದ ಕೊನೆಯ ಧೋತರ ಇಳಿಸಿ, ಎಸಳನ್ನು ಅಂಗೈಯಿಂದ ಅದುಮಿ ಅದುಮಿ ತುಂಬಿದೆವು. ಡಬ್ಬಿಯ ಬಾಯಿಗೆ ಬಂದು ನಿಂತಿತು. ಅತ್ತೆಯವರು ಒಂದು ಹಿಡಿ ಹೆಚ್ಚಾದದ್ದನ್ನು ಲಿಂಗಪೂಜೆಗೆಂದು ಎತ್ತಿಟ್ಟರು.

ಮರುದಿನ ಮಾವನವರು ತಾವೇ ಗುಂಜಿಗೆ ಹೊರಟರು. ಇಟ್ಟಿಗೆಯವನಿಗೂ ಅದೇ ದಿನ ಬರಹೇಳಿದ್ದರು. ಗದ್ದೆಯ ಬದುವಿನ ಮೇಲೆ ಮಾವನವರು ಕೋಲೂರಿ ನಿಂತರು. ಹೆಂಗಸರು ಬೀಜಕ್ಕೆ ಬಿಟ್ಟ ಹೂ ಆಯುತ್ತಿದ್ದರು. ಮಾವನವರಿಗೆ ಆ ಹಸಿರು ಮಡಿಯನ್ನು ನೋಡಿ ಖುಷಿಯೋ ಖುಷಿ.

"ಕಡೀಕ ನಿನ್ನ ಟೇಪು ಗೆದ್ದತು ನೋಡವಾ. ಕಲತವರು ಅಳದ ಹಚ್ಚಿದ್ರ ಹಿಂಗ ಬರತೈತಿ!"

ಮಾವಶಿ ಅಲ್ಲೇ ಇದ್ದರು. ತಲೆ ಬಗ್ಗಿಸಿ ಬೀಜ ಆಯುತ್ತಲೇ ಇದ್ದರು. ನಾನು ಸುಮ್ಮನಿದ್ದರೆ ಅವರು ಜನ್ಮದಲ್ಲಿ ಬಾಯಿ ಬಿಡುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಮಾವನವರ ಬಾಯಲ್ಲಿ ಮೆಚ್ಚುಗೆ ಕೇಳಲು ನಾನು ಎಷ್ಟು ಕಾದಿದ್ದೆ ಎಂಬುದೂ ನನಗೆ ಗೊತ್ತಿತ್ತು. ಒಂದು ಕ್ಷಣ ಆ ಮಾತು ನನ್ನದಾಗಿಯೇ ಇರಲಿ ಎಂದು ಆಸೆಯಾಯಿತು. ಸುಳ್ಳೇಕೆ ಹೇಳಲಿ, ತುಂಬ ಆಸೆಯಾಯಿತು.

"ಇಲ್ರಿ ಮಾವಾರ," ಎಂದೆ, ಹೆಂಗಸರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. "ಇದು ನನ್ನ ಅಳತಿ ಅಲ್ಲ. ನಾ ಅಳದು ಹಚ್ಚಿಸಿದ್ದು ಅಲ್ಲಿ ಒಣಗಿ ನಿಂತೈತಿ ನೋಡ್ರಿ. ಇಲ್ಲಿ ಮಾವಶಿ ಉಳದ ಸಸೀ ಹಚ್ಚಿದ್ರು. ಅದಕ್ಕ ನಾ ಎಲ್ಲಾರ ಮುಂದ ಅವರನ್ನ ಬೈದೆ. ಕೀಳ್ರಿ ಅಂದೆ. ಅವರು ಕೀಳಲಿಲ್ಲ ಅಂತನ ನಾಲ್ಕನೇ ಡಬ್ಬಿ ತುಂಬೇತಿ."

ಮಾವನವರು ಮಾವಶಿಯ ಕಡೆ ತಿರುಗಿದರು. "ಹೌದೇನಬೇ?"

ಮಾವಶಿ ಸೊಂಟ ನೆಟ್ಟಗೆ ಮಾಡಿ ಎದ್ದು ನಿಂತರು. ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಮುಖ ನೋಡಿದರು, ಆಮೇಲೆ ಮಾವನವರನ್ನು.

"ಅಕ್ಕಾರು ಹಗ್ಗಾ ಹಿಡದು ಸಾಲ ಬಿಟ್ಟಿದ್ರಲ್ರಿ ಸಾಹುಕಾರ್ರ, ಅದಕ್ಕ ನಮಗ ರಿಕಾಮಿ ಎಲ್ಲೈತಿ ಅಂತ ಗೊತ್ತಾತು. ಇಲ್ಲಂದ್ರ ನಾವು ಎಲ್ಲಿ ಹಚ್ಚತಿದ್ವಿ?"

ನಾನು ಬೈದದ್ದಕ್ಕೆ ಅವರು ಕೊಟ್ಟ ಉತ್ತರ ಇಷ್ಟೇ. ಮಾವನವರು ನಕ್ಕು, ಕೋಲನ್ನು ಬದುವಿಗೆ ಕುಟ್ಟಿ, ದೂರದಲ್ಲಿ ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದ ಇಟ್ಟಿಗೆಯವನನ್ನು ಕೂಗಿದರು. "ಬರ್ರಿ, ಬರ್ರಿ, ಚಹಾ ಕುಡೀರಿ. ಆದ್ರ ಮಣ್ಣಿನ ಮಾತು ಬ್ಯಾಡ. ನಮ್ಮ ಹೊಲಾ ರಿಕಾಮಿ ಇಲ್ಲ." ಅವನು ಹಸಿರು ಮಡಿಯನ್ನು ನೋಡಿ, ತಲೆ ಕೆರೆದುಕೊಂಡು, ಚಹಾ ಕುಡಿದು ಹೋದ.

ಆ ಗದ್ದೆಯಲ್ಲಿ ಮುಂದೆ ಹನ್ನೆರಡು ಚಳಿಗಾಲ ಕ್ಯಾಂಪಿನ ಹೂ ಬೆಳೆದೆವು. ಕಟ್ಟೆಯ ಮೇಲೆ ಬಂದು ಕೂಡುವ ಫೌಂಡ್ರಿಯವರಿಗೆ ಮುಲಾಮು ಕಡಿಮೆಯಾಗಲಿಲ್ಲ, ಮುಂಬಯಿಯ ಪಾರ್ಸೆಲ್ಲು ನಿಂತಿತು. ನಾನು ಅಳೆಯುವುದನ್ನು ಬಿಡಲಿಲ್ಲ, ಹುಟ್ಟುಗುಣ ಹೋಗುತ್ತದೆಯೇ? ಒಂದು ವರ್ಷ ಒಂದೂವರೆ ಗೇಣು, ಇನ್ನೊಂದು ವರ್ಷ ಸಾಲು ಬಿಟ್ಟು ಸಾಲು, ಬೇರೆ ಊರಿನ ಬೀಜ, ಎಲ್ಲ ಮಾಡಿ ನೋಡಿದೆ. ದೊಡ್ಡದು ಎರಡು ಗೇಣಿಗೆ, ನಡುವೆ ಸಣ್ಣದು. ಅದನ್ನು ಮೀರಿಸಿದ ಲೆಕ್ಕ ನನಗೆ ಸಿಗಲಿಲ್ಲ.

ಎರಡನೆಯ ವರ್ಷದ ನಾಟಿಯ ದಿನ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಸಾಲುಗಳೆಲ್ಲ ಮುಗಿದಿದ್ದವು. ಬದುವಿನ ಮೇಲೆ ಮತ್ತೆ ಎರಡು ಬುಟ್ಟಿ ಸಸಿ.

"ಇಷ್ಟ್ಯಾಕ ಬಿತ್ತಿದ್ರಿ ಅಕ್ಕಾರ? ಮತ್ತ ಉಳದಾವಲ್ಲ!" ಎಂದರು ಮಾವಶಿ.

"ಉಳೀಲಿ ಅಂತನ ಬಿತ್ತೇನಿ," ಎಂದೆ.

ನಿಲ್ದಾಣದ ಕಡೆಯಿಂದ ನಾಲ್ಕು ಗಂಟೆಯ ಗಾಡಿ ಕೂಗಿತು. ನಾನು ಹಗ್ಗ ಸುತ್ತಿಟ್ಟು, ಒಂದು ಹಿಡಿ ಸಸಿ ಎತ್ತಿಕೊಂಡು, ಅವರ ಪಕ್ಕದಲ್ಲಿ ಬಗ್ಗಿದೆ.